ಬೆರಳಗಲದ ಬಾಗಿಲು

೯ ಫೆಬ್ರವರಿ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅರ್ಧ ನಿಮಗೆ ಕೇಳಿಸುವುದಿಲ್ಲ, ಉಳಿದರ್ಧ ಹೇಳುವಷ್ಟರಲ್ಲಿ ನನಗೆ ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಷೇಮ ಎಂದು ಬರೆದರೆ ನೀವು ನಂಬುವುದಿಲ್ಲ. ಎರಡು ಹೊತ್ತು ಊಟ ಮಾಡುತ್ತೇನೆ. ಬೆಳಗ್ಗೆ ಹೊರಡುವಾಗ ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ತಿರುಗಿ ಬಂದು ನೋಡುತ್ತೇನೆ. ಇಷ್ಟು ನಿಜ.

ಮೃಗಾಲಯದಲ್ಲಿ ನನ್ನನ್ನು ಅಡುಗೆ ಕೋಣೆಯಿಂದ ಹಕ್ಕಿಗಳ ಕಡೆಗೆ ಹಾಕಿದ್ದಾರೆ. ಅಲ್ಲಿಯವರೆಗೂ ಹಣ್ಣು ಕತ್ತರಿಸುವುದೇ ನನ್ನ ಕೆಲಸವಾಗಿತ್ತು. ಬಟ್ಟೆ ಹೊಲಿದು ರೂಢಿಯಾದ ಕೈ ಅಲ್ಲವೇ, ಪರಂಗಿ ಹೋಳುಗಳೆಲ್ಲ ಒಂದೇ ಅಳತೆಗೆ ಬರುತ್ತಿದ್ದವು. ಉದ್ದಣ್ಣ ನೋಡಿ, "ಅತ್ತಿಗೆ, ಗಿಣಿಗೆ ಅಳತೆ ತಗೊಂಡು ಬಂದು ಕತ್ತರಿಸ್ತೀರೇನು?" ಎಂದು ನಗುತ್ತಿದ್ದ. ಉದ್ದಣ್ಣ ಗೊತ್ತಲ್ಲ, ಇವರ ಜೊತೆ ಕೆಲಸಕ್ಕಿದ್ದವನು, ಬಾಗಿಲಲ್ಲಿ ಬಗ್ಗಿ ಬರುವವನು.

ಮೊದಲ ದಿನವೇ ಮಾನ ಹೋಯಿತು. ಹಕ್ಕಿಗಳ ಸಾಲಿನ ಕೊನೆಯಲ್ಲಿ ಹುಳುಗಳನ್ನಿಟ್ಟ ಗಾಜಿನ ಪೆಟ್ಟಿಗೆಗಳಿವೆ. ಒಂದರಲ್ಲಿ ಒಣಕಡ್ಡಿ ಬಿದ್ದಿದೆ ಎಂದು ತೆಗೆದು ಕಸದ ಬುಟ್ಟಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಕಡ್ಡಿ ಬುಟ್ಟಿಯ ಅಂಚು ಹತ್ತಿ ನಡೆದು ಬಂತು. ನಾನು ಕಿರುಚಿದ್ದಕ್ಕೆ ನವಿಲುಗಳೂ ಕಿರುಚಿದವು. "ಅದು ಕಡ್ಡಿಹುಳ ಅತ್ತಿಗೆ. ಎಲ್ರೂ ಕಡ್ಡಿ ಅಂತ ನಂಬೋದರಿಂದಲೇ ಅದು ಬದುಕಿರೋದು. ನೀವೂ ನಂಬಿದ್ರಿ, ಅದಕ್ಕೆ ಖುಷಿ ಆಗಿರುತ್ತೆ ಬಿಡಿ" ಎಂದ ಉದ್ದಣ್ಣ.

ಇವರು ದಿನಾ ಮನೆಗೆ ಬಂದು ಹೇಳುತ್ತಿದ್ದ ಮಂಗಟ್ಟೆ ಜೋಡಿಯೂ ಈಗ ನನ್ನ ಪಾಲಿಗೆ ಬಂದಿದೆ. ದೊಡ್ಡ ಬಾಗಿದ ಕೊಕ್ಕು, ಮೇಲೊಂದು ಟೋಪಿ ಇಟ್ಟಂತೆ. ಗಂಡಿಗೆ ಯಜಮಾನ, ಹೆಣ್ಣಿಗೆ ಅಮ್ಮಾವ್ರು ಎಂದು ಹೆಸರಿಟ್ಟವರು ಇವರೇ. ಬಲೆಮನೆಯೊಳಗೆ ಒಂದು ಮರವಿದೆ, ಅದರ ಮೇಲೆ ಕಟ್ಟಿದ ಪೊಳ್ಳು ದಿಮ್ಮಿಯೇ ಅವುಗಳ ಗೂಡು. ಮೊನ್ನೆ ಅಮ್ಮಾವ್ರು ಒಳಗೆ ಹೋದಳು. ಯಜಮಾನ ಹೊರಗಿಂದ ಮಣ್ಣಿನ ಉಂಡೆ ತಂದು ಕೊಟ್ಟ. ಅವಳು ಅದಕ್ಕೆ ತನ್ನ ಹಿಕ್ಕೆ ಕಲಸಿ, ಕೊಕ್ಕಿನ ಪಕ್ಕದಿಂದ ತಟ್ಟಿ ತಟ್ಟಿ ಬಾಗಿಲನ್ನು ಒಳಗಿಂದ ಮುಚ್ಚಿಕೊಂಡಳು. ಬೆರಳಗಲದ ಸೀಳು ಮಾತ್ರ ಉಳಿದಿದೆ. ಮೊಟ್ಟೆ ಇಟ್ಟು, ಮರಿ ಮಾಡಿ, ಮರಿ ಸ್ವಲ್ಪ ದೊಡ್ಡದಾಗುವ ತನಕ ಹೊರಗೆ ಬರುವುದಿಲ್ಲವಂತೆ. ಹಾವು, ಕೋತಿ ಯಾವುದೂ ಒಳಗೆ ಹೋಗಲಾರವು. ಗಂಡು ತಂದುಕೊಟ್ಟದ್ದೇ ಊಟ.

ಇಷ್ಟು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ನಿಮ್ಮ ಕೋಣೆ ದಿನಾ ಗುಡಿಸುತ್ತೇನೆ. ನಿಮ್ಮ ಕನ್ನಡಕದ ಖಾಲಿ ಡಬ್ಬಿ ಇಲ್ಲೇ ಉಳಿದಿದೆ. ನೀವು ಹೊರಡುವಾಗ ಬ್ಯಾಗು ಹಿಡಿದು ಹೇಳಿದ್ದನ್ನು ಮರೆತಿಲ್ಲ. "ಅವನ ಕೆಲಸ ಬೇಕಾದ್ರೆ ಮಾಡು. ಅವನು ಬಿದ್ದ ಏಣಿ ಮಾತ್ರ ಹತ್ತಬೇಡ. ಹತ್ತಿದ ದಿನ ನಿನಗೆ ಅತ್ತೆ ಇಲ್ಲ."

ನಿಮ್ಮ ಸೊಸೆ


೨೦ ಫೆಬ್ರವರಿ

ಸೊಸೆಗೆ ಆಶೀರ್ವಾದ.

ನಿನ್ನ ಕಾಗದವನ್ನು ಮಗಳು "ಓದಿ ಹೇಳ್ತೀನಿ ಕೊಡಮ್ಮ" ಅಂದಳು. ಹೋಗಿರುವುದು ಕಿವಿ, ಕಣ್ಣಲ್ಲ ಅಂತ ಕಿತ್ತುಕೊಂಡು ನಾನೇ ಓದಿದೆ.

ಇಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಂದರೆ ಏನೂ ಮಾಡಲು ಬಿಡುವುದಿಲ್ಲ. ಪಾತ್ರೆ ಮುಟ್ಟಿದರೆ "ಬಿಡಮ್ಮ", ಪೊರಕೆ ಮುಟ್ಟಿದರೆ "ಬಿಡಮ್ಮ". ಅಳಿಯ ಒಳ್ಳೆಯವನು. ನನಗೆ ಕೇಳಲಿ ಅಂತ ಟಿವಿ ಶಬ್ದ ಹೆಚ್ಚಿಸುತ್ತಾನೆ. ನನಗಂತೂ ಕೇಳುವುದಿಲ್ಲ, ಅವನ ಹೆಂಡತಿಗೆ ತಲೆನೋವು.

ಆ ಹಕ್ಕಿಯ ಕತೆ ನಿನ್ನ ಗಂಡ ನನಗೂ ಹೇಳಿದ್ದ. ಗಂಡು ತಿಂಗಳುಗಟ್ಟಲೆ ತಂದು ತಿನ್ನಿಸುತ್ತೆ ಅಂದ. "ಅಂಥಾ ಗಂಡ ಸಿಕ್ಕಿದ್ರೆ ನಾನೂ ಗೋಡೆ ಕಟ್ಕೊಂಡು ಕೂರ್ತಿದ್ದೆ ಕಣೋ" ಅಂದೆ. ತಟ್ಟೆ ಮುಂದೆ ಕೂತವನಿಗೆ ನಕ್ಕು ನಕ್ಕು ನೆತ್ತಿ ಹತ್ತಿತು. ನೀನು ನೀರು ತಂದುಕೊಟ್ಟೆ. ನೆನಪಿದೆಯೋ ಇಲ್ಲವೋ.

ಗೂಡು ಮರದ ಮೇಲಿದೆ ಅಂತ ಬರೆದಿದ್ದೀಯ. ಎಷ್ಟು ಮೇಲೆ ಅಂತ ಬರೆದಿಲ್ಲ, ಅದು ನನಗೆ ಗೊತ್ತು. ಅಷ್ಟು ಮೇಲೆ ಹೋಗಿ ನೋಡುವವರು ಯಾರು ಅಂತಲೂ ಬರೆದಿಲ್ಲ. ಅದು ನನಗೆ ಗೊತ್ತಿಲ್ಲ. ಅದನ್ನು ಬರಿ.

ಕನ್ನಡಕದ ಡಬ್ಬಿ ಅಲ್ಲೇ ಇರಲಿ.

ಅತ್ತೆ


೩ ಮಾರ್ಚ್

ಅತ್ತೆಯವರಿಗೆ,

ಮೇಲೆ ಹೋಗಿ ನೋಡುವವನು ಉದ್ದಣ್ಣ. ನಾನು ಕೆಳಗೆ ಏಣಿ ಹಿಡಿದು ನಿಲ್ಲುತ್ತೇನೆ. ಈಗ ಇಬ್ಬರಿಲ್ಲದೆ ಯಾರೂ ಹತ್ತಬಾರದು ಎಂಬ ನಿಯಮ ಬಂದಿದೆ. ಆಗಲೇ ಬಂದಿದ್ದರೆ ಎಂದು ನೀವೂ ಅಂದುಕೊಳ್ಳುತ್ತೀರಿ, ನಾನೂ ಅಂದುಕೊಳ್ಳುತ್ತೇನೆ. ಅಲ್ಯೂಮಿನಿಯಂನ ಹೊಸ ಏಣಿಯೂ ಬಂದಿದೆ. ಹಳೆಯ ಮರದ ಏಣಿ ಉಗ್ರಾಣದ ಹಿಂದೆ ಗೋಡೆಗೆ ಒರಗಿದೆ. ಅತ್ತ ಹೋಗುವುದಿದ್ದರೆ ನಾನು ಕೊಳದ ಕಡೆಯಿಂದ ಸುತ್ತು ಹಾಕಿ ಹೋಗುತ್ತೇನೆ.

ಯಜಮಾನನ ಕತೆ ಕೇಳಿ. ನಾವು ತಟ್ಟೆಯಲ್ಲಿಟ್ಟ ಅತ್ತಿಹಣ್ಣು, ಪರಂಗಿ, ದ್ರಾಕ್ಷಿ ಎಲ್ಲವನ್ನೂ ಗಂಟಲಿಗೆ ತುಂಬಿಕೊಳ್ಳುತ್ತಾನೆ. ಚೀಲ ಹೊತ್ತವನ ಹಾಗೆ ಕತ್ತು ಉಬ್ಬುತ್ತದೆ. ಹಾರಿ ಹೋಗಿ ದಿಮ್ಮಿಗೆ ಕೊಕ್ಕಿನಿಂದ ಟಕ್ ಟಕ್ ಎಂದು ಬಡಿಯುತ್ತಾನೆ. ಒಳಗಿಂದ ಅವಳ ಕೊಕ್ಕಿನ ತುದಿ ಬರುತ್ತದೆ, ಅಷ್ಟೇ. ಆಮೇಲೆ ಒಂದೊಂದೇ ಹಣ್ಣನ್ನು ಗಂಟಲಿನಿಂದ ಮೇಲಕ್ಕೆ ತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಕೊಡುತ್ತಾನೆ. ಎರಡು ಒಟ್ಟಿಗೆ ಕೊಟ್ಟಿದ್ದನ್ನು ನಾನು ನೋಡಿಲ್ಲ. ಅವಸರವೇ ಇಲ್ಲ ಮಹಾರಾಯನಿಗೆ.

ಅವಳೂ ಅಚ್ಚುಕಟ್ಟು. ಹಿಕ್ಕೆಯನ್ನೆಲ್ಲ ಆ ಸೀಳಿನಿಂದಲೇ ಹೊರಗೆ ಹಾರಿಸುತ್ತಾಳೆ. ಅದರಲ್ಲಿರುವ ಬೀಜಗಳು ಮರದ ಬುಡದಲ್ಲಿ ಮೊಳೆತು ಹಸಿರು ಚಾಪೆ ಹಾಸಿದಂತಾಗಿದೆ. ಕಾಡಿನಲ್ಲಿ ಎಷ್ಟೋ ಮರ ಹೀಗೇ ಹುಟ್ಟುವುದಂತೆ. ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮ ದಿನಾ ಬಗ್ಗಿ ಆ ಸಸಿಗಳನ್ನು ನೋಡಿ, "ಊಟ ಸರಿಯಾಗಿ ಮಾಡ್ತಿದಾಳೆ" ಎನ್ನುತ್ತಾರೆ. ಅವರೇ ಇನ್ನೊಂದು ವಿಷಯ ಹೇಳಿದರು. ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ರೆಕ್ಕೆಯ, ಬಾಲದ ದೊಡ್ಡ ಗರಿಗಳನ್ನೆಲ್ಲ ಉದುರಿಸಿಬಿಡುತ್ತಾಳಂತೆ. ಯಾರೂ ಒಳಗೆ ಬರಲಾರರು ಎಂಬ ಧೈರ್ಯಕ್ಕೆ. ಹೊಸ ಗರಿ ಬರುವ ತನಕ ಅವಳು ಹಾರಲಾರಳು.

ಅವನು ಬಂದೇ ಬರುತ್ತಾನೆ ಎಂಬುದೊಂದೇ ಲೆಕ್ಕ.

ನಿಮ್ಮ ಸೊಸೆ


೧೯ ಮಾರ್ಚ್

ಅತ್ತೆಯವರಿಗೆ,

ಯಜಮಾನ ಹೋದ.

ಎರಡು ದಿನದಿಂದ ಬಾಯಿ ತೆರೆದು ಉಸಿರಾಡುತ್ತಿದ್ದ. ಔಷಧಿ ನಡೆದಿತ್ತು. ಹಾಗಿದ್ದರೂ ಕೊನೆಯ ಸಂಜೆ ಗಂಟಲು ತುಂಬಿಕೊಂಡು ಗೂಡಿನವರೆಗೆ ಹೋದ. ಮಧ್ಯೆ ಎರಡು ಕಡೆ ಕೂತು ಸುಧಾರಿಸಿಕೊಂಡು ಹೋದ. ಬೆಳಗ್ಗೆ ನೋಡಿದಾಗ ನೆಲದ ಮೇಲಿದ್ದ. ಶ್ವಾಸಕೋಶಕ್ಕೆ ಬೂಷ್ಟು ಹಿಡಿದಿತ್ತಂತೆ, ವಯಸ್ಸೂ ಆಗಿತ್ತಂತೆ. ಡಾಕ್ಟರಮ್ಮನ ಮುಖ ನೋಡಲಾಗಲಿಲ್ಲ.

ಒಳಗೆ ಅವಳಿದ್ದಾಳೆ. ಮರಿಗಳೂ ಇವೆ. ಕಿವಿಗೊಟ್ಟರೆ ಎರಡು ಸಣ್ಣ ದನಿ ಕೇಳುತ್ತದೆ.

ಬಲೆಮನೆಯ ಮುಂದೆ ನಿಂತು ಎಲ್ಲರೂ ಮಾತಾಡಿದರು. ಗೋಡೆ ಒಡೆದು ಅವಳನ್ನೂ ಮರಿಗಳನ್ನೂ ಹೊರಗೆ ತೆಗೆದು ಆಸ್ಪತ್ರೆ ಕೋಣೆಯಲ್ಲಿ ಸಾಕೋಣ ಎಂದರು ಕೆಲವರು. ಡಾಕ್ಟರಮ್ಮ ಯೋಚಿಸಿ ಹೇಳಿದರು, "ಒಡೆದರೆ ಗಾಬರಿಯಿಂದ ಅವಳು ಮರಿಗಳನ್ನ ಬಿಟ್ಟೇ ಬಿಡಬಹುದು. ಒಡೆಯದೆ ಇದ್ದರೆ ಹಸಿವಿನಿಂದ ಮೂರೂ ಹೋಗಬಹುದು. ಸೀಳಿನಿಂದ ನಾವು ಕೊಟ್ಟಿದ್ದನ್ನ ತಗೊಂಡ್ರೆ ಸರಿ. ನಾಡಿದ್ದಿನವರೆಗೆ ನೋಡೋಣ. ಇಲ್ಲದಿದ್ರೆ ಒಡೆಯೋದೇ." ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಉದ್ದಣ್ಣ ಇಕ್ಕಳದಲ್ಲಿ ಹಣ್ಣು ಹಿಡಿದು ಹತ್ತಿದ. ಹೊಸ ಏಣಿ ಹೆಜ್ಜೆ ಹೆಜ್ಜೆಗೂ ಗಲಗಲ ಎನ್ನುತ್ತದೆ. ಮೊದಲ ಸದ್ದಿಗೇ ಅವಳು ಒಳಕ್ಕೆ ಸರಿದಳು. ಮಧ್ಯಾಹ್ನವೂ ಹಾಗೇ, ಸಂಜೆಯೂ ಹಾಗೇ. ಉದ್ದಣ್ಣ ಇಳಿದು ಬಂದು ಏನೂ ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದೆ ಇದ್ದುದನ್ನು ನಾನು ಹಿಂದೆ ನೋಡಿದ್ದು ಒಂದೇ ಸಲ.

ಮನೆಗೆ ಬಂದು ಒಲೆ ಹಚ್ಚಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ನಾಳೆ ಮಾಡುತ್ತೇನೆ.

ನಿಮ್ಮ ಸೊಸೆ


೨೨ ಮಾರ್ಚ್

ಸೊಸೆಗೆ,

ನಿನ್ನ ಕಾಗದ ಕೈ ಸೇರುವ ಹೊತ್ತಿಗೆ ನಿನ್ನ ಡಾಕ್ಟರಮ್ಮ ಹೇಳಿದ ನಾಡಿದ್ದು ದಾಟಿ ಹೋಗಿದೆ. ಒಡೆದರೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದೆ ಇಲ್ಲಿ ಕೂತು ಅನ್ನ ಕಲಸುತ್ತಿದ್ದೇನೆ, ಬಾಯಿಗೆ ಹೋಗುತ್ತಿಲ್ಲ. ಒಂದು ಹಕ್ಕಿಗೋಸ್ಕರ ಇಷ್ಟಾ ಅಂತ ಮಗಳು ಅಂದಳು. ಹೌದು, ಹಕ್ಕಿಗೋಸ್ಕರವೇ ಅಂದೆ.

ಒಡೆದಿಲ್ಲವಾದರೆ ಕೇಳು. ಯಾರೇ ತಿನ್ನಿಸಲಿ, ಅವರಿಗೆ ಹೇಳು. ನಿನ್ನ ಗಂಡನಿಗೆ ಮೂರು ವರ್ಷವಾಗಿದ್ದಾಗ ಅವನ ಅಪ್ಪ ಹೋದರು. ಮಗು ಊಟ ಬಿಟ್ಟಿತು. ನಾನು ತಟ್ಟೆ ಹಿಡಿದು ಎದುರು ಕೂರುತ್ತಿದ್ದೆ, ಬಾಯಿ ನೋಡುತ್ತಿದ್ದೆ, ತಿನ್ನು ತಿನ್ನು ಅನ್ನುತ್ತಿದ್ದೆ. ಅವನು ಹಲ್ಲು ಕಚ್ಚಿಕೊಳ್ಳುತ್ತಿದ್ದ. ಪಕ್ಕದ ಮನೆಯ ಅಜ್ಜಿ ನೋಡಿ, "ಯಾಕೆ ಹಂಗೆ ಪೊಲೀಸಿನವಳ ಥರ ನೋಡ್ತೀಯ? ಆ ಕಡೆ ತಿರುಗಿಕೊಂಡು ಕೈ ಮಾತ್ರ ಚಾಚು" ಅಂದರು. ಹಾಗೇ ಮಾಡಿದೆ. ಗೋಡೆ ನೋಡುತ್ತಾ ಕೂತೆ, ಕೈ ಹಿಂದೆ ಚಾಚಿದೆ. ತುಂಬಾ ಹೊತ್ತಾದ ಮೇಲೆ ಬೆರಳಿಗೆ ಬಾಯಿ ತಾಗಿತು. ಮುಖ ನೋಡದೆ ಕೊಡುವ ಕೈ ಬೇರೆ, ನೋಡುತ್ತಾ ಕೊಡುವ ಕೈ ಬೇರೆ.

ಮೊನ್ನೆಯ ಕಾಗದದಲ್ಲಿ ಉದ್ದಣ್ಣ ಸೋತ ಅಂತ ಬರೆದು, ಆಮೇಲೆ ಒಲೆ ಹಚ್ಚಲಿಲ್ಲ ಅಂತ ಬರೆದಿದ್ದೀಯ. ಮಧ್ಯೆ ಏನೋ ಬಿಟ್ಟಿದ್ದೀಯ. ನಿನ್ನ ಕೈಯ ಹೊಲಿಗೆ ನನಗೆ ಗೊತ್ತು, ನೂಲು ಬಿಟ್ಟ ಕಡೆ ಕಾಣುತ್ತದೆ.

ನಾನು ಹೇಳಿದ ಮಾತು ಹೇಳಿದ್ದೇ.

ಸದ್ಯಕ್ಕೆ ನಿನ್ನ ಅತ್ತೆ


೨ ಏಪ್ರಿಲ್

ಅತ್ತೆಯವರಿಗೆ,

ಏಣಿ ಹತ್ತಿದೆ. ಹಳೆಯದನ್ನೇ.

ಇದನ್ನು ಮೊದಲ ಸಾಲಿಗೇ ಬರೆದುಬಿಟ್ಟರೆ ಉಳಿದದ್ದನ್ನು ಓದುವುದು ಬಿಡುವುದು ನಿಮ್ಮ ಇಷ್ಟ ಎಂದು ಹಾಗೆ ಬರೆದೆ.

ಗೋಡೆ ಒಡೆಯಬೇಕೆಂದಿದ್ದ ದಿನ ಡಾಕ್ಟರಮ್ಮ, "ಇವಳಿಗೆ ಮರದ ಏಣಿಯ ಸದ್ದು ಅಭ್ಯಾಸ ಇದೆ. ವರ್ಷಗಟ್ಟಲೆ ಅದನ್ನೇ ಕೇಳಿದಾಳೆ" ಎಂದರು. ಉದ್ದಣ್ಣನಿಗೆ ಅದನ್ನು ತರಲು ಹೇಳಿದರು. ಅವನು ಉಗ್ರಾಣದ ಹಿಂದೆ ಹೋಗಿ ಬರಿಗೈಯಲ್ಲಿ ಬಂದ. "ನನ್ನ ಕೈಲಿ ಅದನ್ನ ಮುಟ್ಟೋಕಾಗಲ್ಲ ಮೇಡಂ" ಎಂದ. ಅಂದು ಇವರನ್ನು ನೆಲದಿಂದ ಎತ್ತಿದವನು ಅವನೇ ಅಲ್ಲವೇ. ಆಗ ನಾನು ಹೋಗಿ ತಂದೆ. ಹೊತ್ತು ತರುವಾಗ ನಿಮ್ಮ ಮುಖ ಕಣ್ಣೆದುರಿಗಿತ್ತು. ಆದರೂ ತಂದೆ.

ಹತ್ತಿದ ಮೇಲೆ ದೊಡ್ಡ ತಪ್ಪು ಮಾಡಿದೆ. ಸೀಳು ಬಹಳ ಚಿಕ್ಕದು, ಹಣ್ಣು ಹಿಡಿದ ನನ್ನ ಕೈ ಹೋಗುವುದಿಲ್ಲ. ಪಾಪ, ಸುಲಭವಾಗಲಿ ಎಂದು ಅಂಚಿನ ಮಣ್ಣನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ಅಗಲ ಮಾಡಿದೆ. ಬಿಗಿಯಾದ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತೇವಲ್ಲ, ಹಾಗೇ ಅಂದುಕೊಂಡೆ. ಒಳಗೆ ಒಂದೆರಡು ಹಣ್ಣು ಹಾಕಿ ಇಳಿದು ಬಂದೆ. ಬೆಳಗ್ಗೆ ನೋಡಿದರೆ ಆ ಹಣ್ಣನ್ನೇ ಅರೆದು, ಹಿಕ್ಕೆ ಕಲಸಿ, ನಾನು ತೆಗೆದಷ್ಟನ್ನೂ ಮುಚ್ಚಿಬಿಟ್ಟಿದ್ದಳು. ಸೀಳು ಮೊದಲಿಗಿಂತ ಕಿರಿದಾಗಿತ್ತು. ಹಸಿದ ಹೊಟ್ಟೆಯಲ್ಲಿ ರಾತ್ರಿಯೆಲ್ಲ ಗೋಡೆ ಕಟ್ಟಿದ್ದಾಳೆ. ಆ ದಿನ ಏನನ್ನೂ ಮುಟ್ಟಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನನಗೆ ಏಣಿಯ ಮೇಲೇ ಅಳು ಬಂತು. ಡಾಕ್ಟರಮ್ಮ ಬೈಯಲಿಲ್ಲ. "ಅವಳಿಗೆ ಬೇಕಾಗಿರೋದು ಊಟ ಮಾತ್ರ ಅಲ್ಲಮ್ಮ, ಗೋಡೆನೂ ಬೇಕು" ಎಂದರು. ಇನ್ನೊಂದು ದಿನ ತಡೆಯುತ್ತೇನೆ ಎಂದರು.

ಅದೇ ಸಂಜೆ ನಿಮ್ಮ ಕಾಗದ ಬಂತು.

ಬೆಳಗ್ಗೆ ಹತ್ತಿದೆ. ಯಜಮಾನನ ಹಾಗೆ ದಿಮ್ಮಿಗೆ ಟಕ್ ಟಕ್ ಎಂದು ಬಡಿದೆ. ಒಂದೇ ಒಂದು ಅತ್ತಿಹಣ್ಣನ್ನು ಬೆರಳ ತುದಿಯಲ್ಲಿ ಹಿಡಿದು ಸೀಳಿನ ಹೊರಗೇ ಇಟ್ಟೆ. ಒಳಗೆ ಹಾಕಲಿಲ್ಲ. ಮುಖ ಈ ಕಡೆ ತಿರುಗಿಸಿ ಕೊಳದ ನೀರು ನೋಡುತ್ತಾ ನಿಂತೆ. ತೋಳು ಸೋತು ನಡುಗಲು ಶುರುವಾಯಿತು. ಕೆಳಗೆ ಉದ್ದಣ್ಣ ಕಣ್ಣು ಮುಚ್ಚಿಕೊಂಡು ಏಣಿ ಹಿಡಿದಿದ್ದ. ಆಮೇಲೆ ಬೆರಳಿಗೆ ಏನೋ ತಣ್ಣಗೆ ತಾಗಿತು. ಹಣ್ಣು ಹೋಯಿತು. ಇನ್ನೊಂದು ಹಿಡಿದೆ, ಅದೂ ಹೋಯಿತು.

"ತಗೊಂಡ್ಲಾ?" ಎಂದ ಉದ್ದಣ್ಣ, ಕಣ್ಣು ತೆರೆಯದೆ.

"ತಗೊಂಡ್ಲು."

"ಹಂಗಾದ್ರೆ ನಾನು ಅಳ್ತೀನಿ ಅತ್ತಿಗೆ, ನೀವು ಇಳಿಯೋ ತನಕ ತಡ್ಕೋತೀನಿ" ಎಂದ.

ಈಗ ದಿನಕ್ಕೆ ನಾಲ್ಕೈದು ಸಲ ಹತ್ತುತ್ತೇನೆ. ಬೇರೆ ಯಾರು ಬಡಿದರೂ ಬರುವುದಿಲ್ಲ. ನೀವು ಹೇಳಿಕೊಟ್ಟದ್ದರಿಂದ ಮೂರು ಜೀವ ಉಳಿದಿದೆ. ನೀವು ಬೇಡವೆಂದದ್ದನ್ನು ಮಾಡಿದ್ದರಿಂದಲೂ ಉಳಿದಿದೆ. ಎರಡನ್ನೂ ನಾನು ಒಟ್ಟಿಗೆ ಹೇಗೆ ಹಿಡಿಯಬೇಕೋ ತಿಳಿಯದು.

ಅತ್ತೆ ಇಲ್ಲ ಎಂದರೆ ಈ ಮನೆಯಲ್ಲಿ ನನಗೆ ಇನ್ನು ಯಾರೂ ಇಲ್ಲ.

ನಿಮ್ಮ ಸೊಸೆ


೧೬ ಏಪ್ರಿಲ್

ಅತ್ತೆಯವರಿಗೆ,

ನಿಮ್ಮ ಉತ್ತರ ಬಂದಿಲ್ಲ. ಅಂಚೆಯವನು ನಮ್ಮ ಮನೆ ದಾಟುವಾಗ ಈಗ ತಲೆ ಅಲ್ಲಾಡಿಸಿ ಹೋಗುತ್ತಾನೆ, ನಾನು ಕೇಳುವ ಮೊದಲೇ. ಆದರೂ ಬರೆಯುತ್ತೇನೆ.

ಎರಡು ದನಿ ಇದ್ದದ್ದು ಒಂದಾಗಿದೆ. ಚಿಕ್ಕದು ಉಳಿಯಲಿಲ್ಲ. ಎರಡನೆಯ ಮರಿ ಎಷ್ಟೋ ಸಲ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾನು ಗೋಡೆ ಕೆರೆದ ಆ ದಿನಗಳಲ್ಲಿ ಸೊರಗಿತೋ, ಅದರ ಆಯುಸ್ಸೇ ಅಷ್ಟಿತ್ತೋ, ಹೇಳುವವರಿಲ್ಲ. ಇರುವ ಒಂದು ಮಾತ್ರ ಬಕಾಸುರ. ನಾನು ಏಣಿಗೆ ಕಾಲಿಟ್ಟರೆ ಸಾಕು, ಒಳಗಿಂದ ಬೈಗುಳ ಶುರು.

ಬಲೆಮನೆಯ ಹೊರಗೋಡೆಯ ಕಡೆ ಕಲ್ಲಿನ ಮೇಲೆ ಒಂದು ಜರಿಗಿಡವಿದೆ. ಬಿಸಿಲಿಗೆ ಸುಟ್ಟು ಮುದುಡಿ ಕಂದು ಉಂಡೆಯಾಗಿತ್ತು. ಕಿತ್ತು ಹಾಕೋಣ ಎಂದು ಕೈ ಇಟ್ಟವಳು, ಕಡ್ಡಿಹುಳದ ನೆನಪಾಗಿ ಸುಮ್ಮನಾದೆ. ನಿನ್ನೆ ಕೊಳವೆ ಒಡೆದು ನೀರು ಚಿಮ್ಮಿತು. ಇವತ್ತು ಹೋಗಿ ನೋಡಿದರೆ ಬಿಚ್ಚಿಕೊಂಡು ಹಸಿರಾಗಿ ಕೂತಿದೆ. ತಿಂಗಳುಗಟ್ಟಲೆ ಸತ್ತ ಹಾಗೆ ಇರುವುದೂ ಒಂದು ಬದುಕುವ ರೀತಿಯಂತೆ. ನನಗೆ ಅದು ಅಷ್ಟೇನೂ ಹೊಸದೆನಿಸಲಿಲ್ಲ.

ಇವರ ಕೆಲಸದ ಅಂಗಿಯನ್ನು ನನ್ನ ಅಳತೆಗೆ ಕತ್ತರಿಸಿ ಹೊಲಿದುಕೊಂಡೆ. ಕತ್ತರಿ ಇಡುವ ತನಕ ಕಷ್ಟ. ಇಟ್ಟ ಮೇಲೆ ಬಟ್ಟೆ ಬಟ್ಟೆಯೇ.

ಕಾಲು ಒರೆಸಿ, ಮೆಟ್ಟಿಲು ಒರೆಸಿ ಹತ್ತುತ್ತೇನೆ. ಇಷ್ಟಾದರೂ ನಿಮಗೆ ಗೊತ್ತಿರಲಿ.

ನಿಮ್ಮ ಸೊಸೆ


೨೯ ಏಪ್ರಿಲ್

ಅತ್ತೆಯವರಿಗೆ,

ನಾದಿನಿಗೆ ಫೋನು ಮಾಡಿದ್ದೆ. "ಅಮ್ಮ ಚೆನ್ನಾಗಿದಾರೆ, ಕಣ್ಣಿನ ಡಾಕ್ಟರ ಹತ್ರ ಹೋಗಿದ್ರು ನಿನ್ನೆ, ಸುಸ್ತಾಗಿ ಮಲಗಿದಾರೆ" ಎಂದಳು. ಕನ್ನಡಕ ಬದಲಾಯಿತೇ? ಡಬ್ಬಿ ಕಳಿಸಲೇ?

ಬೇರೇನೂ ಇಲ್ಲ. ಹಕ್ಕಿ ತಿನ್ನುತ್ತಿದೆ.

ನಿಮ್ಮ ಸೊಸೆ


೬ ಮೇ

ಸೊಸೆಗೆ ಆಶೀರ್ವಾದ.

ಕಣ್ಣಿನ ಡಾಕ್ಟರೂ ಇಲ್ಲ, ಕನ್ನಡಕವೂ ಇಲ್ಲ. ಆ ದಿನ ಬಸ್ಸು ಹತ್ತಿ ನಿನ್ನ ಮೃಗಾಲಯಕ್ಕೆ ಬಂದಿದ್ದೆ. ಮಗಳಿಗೆ ಹೇಳಿದ್ದರೆ "ಬಿಡಮ್ಮ" ಅನ್ನುತ್ತಿದ್ದಳು.

ನಿನ್ನ ಜುಟ್ಟು ಹಿಡಿದು ಇಳಿಸಬೇಕು ಅಂತಲೇ ಬಂದೆ, ಸುಳ್ಳು ಯಾಕೆ ಹೇಳಲಿ. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಜೋಡಿಸಿಕೊಂಡಿದ್ದೆ. ಟಿಕೆಟು ತಗೊಂಡು ಕೇಳಿಕೊಂಡು ಕೇಳಿಕೊಂಡು ಬಂದರೆ, ಅಲ್ಲಿ ಒಂದು ಹಿಂಡು ಜನ ಕತ್ತು ಎತ್ತಿ ನಿಂತಿದ್ದರು. ನಾನೂ ಎತ್ತಿದೆ. ನೀನು ಆಗಲೇ ಮೇಲಿದ್ದೆ.

ಅವನ ಅಂಗಿ. ಬೆನ್ನು ಈ ಕಡೆ ಇತ್ತು. ಒಂದು ಗಳಿಗೆ ನನಗೆ ಏನಾಯಿತು ಅಂತ ನಾನು ಬರೆಯುವುದಿಲ್ಲ.

ನಿನ್ನ ಹೆಸರು ಬಾಯಿ ತುದಿಗೆ ಬಂತು. ಕೂಗೋಣ ಅಂತ ಬಾಯಿ ತೆರೆದೆ. ಕೂಗಿದರೆ ನೀನು ತಿರುಗುತ್ತೀಯ, ತಿರುಗಿದರೆ ಕಾಲು ಜಾರುತ್ತದೆ. ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ಅವತ್ತು ಅವನನ್ನು ಯಾರಾದರೂ ಕೂಗಿದ್ದರೋ ಏನೋ. ಇಷ್ಟು ದಿನ ಯಾರನ್ನೂ ಕೇಳಿಲ್ಲ. ನಿನಗೆ ಗೊತ್ತಿದ್ದರೂ ಹೇಳಬೇಡ.

ನನ್ನ ಪಕ್ಕದಲ್ಲಿ ಒಬ್ಬಳು ತನ್ನ ಗಂಡನಿಗೆ, "ನೋಡ್ರೀ, ಊಟ ಕೊಡ್ತಾ ಆಯಮ್ಮ ಎಲ್ಲೋ ನೋಡ್ತಾಳೆ, ಕೆಲಸದ ಮೇಲೆ ಗಮನಾನೇ ಇಲ್ಲ" ಅಂದಳು. ಕಿವುಡಿಗೆ ಅದೊಂದು ಸರಿಯಾಗಿ ಕೇಳಿಸಿತು ನೋಡು! "ಅದು ಹಾಗೇ ಕೊಡಬೇಕಾದ್ದು. ಅವಳಿಗೆ ಹೇಳಿಕೊಟ್ಟಿದ್ದು ನಾನು" ಅಂದೆ. ಜೋರಾಗಿ ಅಂದೆ ಅಂತ ಕಾಣುತ್ತದೆ, ನಾಲ್ಕು ಜನ ತಿರುಗಿದರು. ನೀನು ತಿರುಗಲಿಲ್ಲ. ಒಳ್ಳೆಯದಾಯಿತು.

ಕೊಕ್ಕು ಬಂದದ್ದನ್ನು ನೋಡಿದೆ. ಎಷ್ಟು ಸಣ್ಣ ತುದಿ. ಅದಕ್ಕೆ ಎಷ್ಟು ನಾಚಿಕೆ.

ನೀನು ಇಳಿಯುವಾಗ ನಾನೂ ಒಂದೊಂದೇ ಮೆಟ್ಟಿಲು ನಿನ್ನ ಜೊತೆ ಇಳಿದೆ. ಎರಡು ಕಾಲೂ ನೆಲಕ್ಕೆ ಬಂದ ಮೇಲೆ ಉಸಿರು ಬಿಟ್ಟೆ. ಆಗ ಕರೆಯಬಹುದಿತ್ತು. ಅಷ್ಟರಲ್ಲಿ ನೀನು ಆ ಉದ್ದನೆಯವನ ಜೊತೆ ಏನೋ ಹೇಳಿ ನಕ್ಕೆ. ನೀನು ನಕ್ಕಿದ್ದನ್ನು ನೋಡಿ, ಈಗ ಹೋಗಿ ಎದುರು ನಿಂತರೆ ಆ ನಗು ನಿಂತುಹೋಗುತ್ತದೆ ಅಂತ ಹಿಂದಿನಿಂದಲೇ ಹೊರಟುಬಂದೆ.

ಜೋಡಿಸಿಕೊಂಡಿದ್ದ ಬೈಗುಳ ಎಲ್ಲ ಬಸ್ಸಿನಲ್ಲೇ ಉಳಿಯಿತು.

ಆ ಹಕ್ಕಿ ಹೊರಗೆ ಬರುವುದು ಯಾವಾಗ?

ನಿನ್ನ ಅತ್ತೆ


೨೪ ಮೇ

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಏಣಿಯ ಬುಡದಲ್ಲಿ ಕೂತು ಓದಿದೆ. ಉದ್ದಣ್ಣ, "ಏನಂತೆ ಅತ್ತಿಗೆ?" ಎಂದು ಕೇಳಿದ. ಹೇಳಲಾಗದೆ ಅವನ ಕೈಗೇ ಕೊಟ್ಟೆ. ಅವನು ಓದಿ, ಮಡಿಸಿ, ಮೂಗು ಒರೆಸಿಕೊಂಡು, "ಉದ್ದನೆಯವನು ಅಂತ ಬರೆದಿದಾರೆ. ಚೆಂದ ಇದಾನೆ ಅಂತ ಒಂದು ಮಾತು ಸೇರಿಸಬಹುದಿತ್ತು" ಎಂದ.

ಉತ್ತರ ತಡವಾಯಿತು. ನೀವು ಕೇಳಿದ್ದು ನಡೆಯಲಿ, ಆಮೇಲೆ ಬರೆಯೋಣ ಎಂದು ಕಾದೆ.

ನಿನ್ನೆ ಅಮ್ಮಾವ್ರು ಹೊರಗೆ ಬಂದಳು. ಬೆಳಗ್ಗೆ ನಾನು ಬಡಿದರೆ ಕೊಕ್ಕು ಬರಲಿಲ್ಲ. ಬದಲಿಗೆ ಗೋಡೆ ಅಲ್ಲಾಡಿತು. ಇಳಿದು ಬಂದೆ. ಒಳಗಿಂದ ಕುಟ್ಟಿ ಕುಟ್ಟಿ, ಮಣ್ಣಿನ ಚೂರು ಒಂದೊಂದೇ ಬಿದ್ದು, ಮಧ್ಯಾಹ್ನದ ಹೊತ್ತಿಗೆ ತಲೆ ಬಂತು, ಆಮೇಲೆ ಭುಜ. ದಿಮ್ಮಿಯ ಅಂಚಿನ ಮೇಲೆ ಕೂತು ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಬಡಕಲಾಗಿದ್ದಾಳೆ, ಬಣ್ಣ ಮಾಸಿದೆ. ಆದರೆ ರೆಕ್ಕೆಯಲ್ಲಿ ಗರಿಗಳೆಲ್ಲ ಹೊಸವು, ಈಗ ತಾನೇ ಇಸ್ತ್ರಿ ಮಾಡಿದಂತೆ. ಬಲೆಮನೆಯನ್ನು ಒಂದು ಸುತ್ತು ಹಾರಿದಳು. ಯಜಮಾನ ಕೂರುತ್ತಿದ್ದ ಕೊಂಬೆಯ ಮೇಲೆ ಬಹಳ ಹೊತ್ತು ಕೂತಳು.

ಆಮೇಲೆ ನಡೆದದ್ದನ್ನು ಡಾಕ್ಟರಮ್ಮನೂ ಓದಿದ್ದರಂತೆ, ಕಂಡಿರಲಿಲ್ಲವಂತೆ. ಮರಿ ಒಳಗೇ ಇತ್ತು. ಇನ್ನೂ ಅರೆಬರೆ ಪುಕ್ಕ, ಹಾರುವ ಕಾಲ ಬಂದಿಲ್ಲ. ಗೂಡಿನ ಬಾಯಿ ಪೂರ್ತಿ ತೆರೆದಿತ್ತು. ಅಷ್ಟು ದೊಡ್ಡ ಬೆಳಕನ್ನು ಅದು ಇಣುಕಿ ನೋ​ಡಿತು. ನೋಡಿ, ಒಳಗೆ ಬಿದ್ದಿದ್ದ ಮಣ್ಣನ್ನೂ ಹಿಕ್ಕೆಯನ್ನೂ ಪುಟ್ಟ ಕೊಕ್ಕಿನಿಂದ ಎತ್ತಿ ತಟ್ಟಲು ಶುರುಮಾಡಿತು. ಯಾರೂ ಕಲಿಸಿಲ್ಲ. ಸಂಜೆಗೆ ಅರ್ಧ, ಇವತ್ತು ಬೆಳಗ್ಗೆ ಪೂರ್ತಿ. ವಕ್ರವಕ್ರ ಗೋಡೆ, ಹೊಸದಾಗಿ ಹೊಲಿಗೆ ಕಲಿಯುವವರ ಅಂಚಿನ ಹಾಗೆ. ಆದರೂ ಸೀಳು ಬಿಟ್ಟಿದೆ, ಬೆರಳಗಲ.

ಇವತ್ತು ಹಣ್ಣಿನ ತಟ್ಟೆ ಇಟ್ಟು ದೂರ ನಿಂತೆ. ಅಮ್ಮಾವ್ರು ಗಂಟಲು ತುಂಬಿಕೊಂಡಳು, ದಿಮ್ಮಿಗೆ ಹೋಗಿ ಬಡಿದಳು. ಒಂದೊಂದೇ ಕೊಟ್ಟಳು. ನನ್ನ ಕೈ ತಾನಾಗಿ ಒಮ್ಮೆ ಮೇಲೆದ್ದು ಕೆಳಗೆ ಬಂತು.

ಇನ್ನು ನಾನು ಹತ್ತಬೇಕಾಗಿಲ್ಲ ಅತ್ತೆ. ಏಣಿಯನ್ನು ನಾನೂ ಉದ್ದಣ್ಣನೂ ಸೇರಿ ಹೊತ್ತು ಉಗ್ರಾಣದಲ್ಲಿ ಇಟ್ಟು ಬಂದೆವು. ಅವನು ಆ ತುದಿ, ನಾನು ಈ ತುದಿ.

ಭಾನುವಾರ ಬನ್ನಿ. ನಾದಿನಿಗೆ ಹೇಳಿ ಬನ್ನಿ, ಕಣ್ಣಿನ ಡಾಕ್ಟರ ಹೆಸರು ಬೇಡ. ಮಧ್ಯಾಹ್ನ ಬಲೆಮನೆಯ ಮುಂದೆ ನೆಲ ಗುಡಿಸುತ್ತಿರುತ್ತೇನೆ, ಬೆನ್ನು ದಾರಿಯ ಕಡೆಗೇ ಇರುತ್ತದೆ. ದೂರದಿಂದಲೇ ಹೆಸರು ಹಿಡಿದು ಕೂಗಿ. ಎಷ್ಟು ಜೋರಾಗಿ ಬೇಕಾದರೂ ಕೂಗಿ. ತಿರುಗಿ ನೋಡುತ್ತೇನೆ.

ನಿಮ್ಮ ಸೊಸೆ